ಮೀನು ತಿನ್ನದ ಗಿರಾಕಿ

"ಟ್ರೇ ತನ್ನಿ," ಎಂದ ಹಿತೇಶ್.

ಅನುಷ್ಕಾ ತಂದಳು. ತರದೆ ಉಪಾಯವಿರಲಿಲ್ಲ. ಜೆಪ್ಪುವಿನ ಈ ಆರು ಮೇಜಿನ ಬಿಸ್ಟ್ರೋದಲ್ಲಿ ಗಿರಾಕಿ ಕೇಳಿದರೆ ಅಂದಿನ ಹಸಿ ಮೀನನ್ನು ಟ್ರೇಯಲ್ಲಿ ಜೋಡಿಸಿ ಮೇಜಿಗೇ ತಂದು ತೋರಿಸಬೇಕು ಎಂಬುದು ಅವಳೇ ಮಾಡಿದ ನಿಯಮ. ಗಿರಾಕಿ ಬೆರಳು ತೋರಿಸಿ, ಇದು ತವಾ ಫ್ರೈ, ಇದು ಹುಳಿಖಾರದ ಪುಳಿಮುಂಚಿ ಎಂದರೆ ಹದಿನೈದು ನಿಮಿಷದಲ್ಲಿ ಅದೇ ಮೀನು ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತದೆ. ತಾನು ಮಾಡಿದ ನಿಯಮ ತನ್ನನ್ನೇ ಹೀಗೆ ಕುಣಿಸುತ್ತದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಹಿತೇಶ್ ಬಗ್ಗಿ ನೋಡಿದ. ಕಾಣೆ ಮೀನಿನ ಕಿವಿರನ್ನು ಇಣುಕಿ ನೋಡಿದ. ಬಂಗುಡೆಯ ಬೆನ್ನನ್ನು ಕಣ್ಣಿನಲ್ಲೇ ಸವರಿದ. ಅಂಜಲ್ ತುಂಡಿನ ಹತ್ತಿರ ಬಂದಾಗ ಅವನ ಹುಬ್ಬು ಒಂದಿಷ್ಟು ಮೇಲೇರಿತು.

"ಬಂಗುಡೆ ಫಸ್ಟ್ ಕ್ಲಾಸ್. ಇವತ್ತು ಬೆಳಿಗ್ಗೆಯದ್ದೇ. ಅಂಜಲ್ ಮಾತ್ರ ನಿನ್ನೆಯದ್ದು, ಅಲ್ವಾ?"

ನಿನ್ನೆಯದ್ದೇ. ಅದು ಗೊತ್ತಿದ್ದದ್ದು ಅನುಷ್ಕಾಳಿಗೆ, ಒಳಗೆ ಕಾವಲಿಯ ಮುಂದಿದ್ದ ಅಡುಗೆಯ ಗೆರ್ಟ್ರೂಡ್ ಬಾಯಿಗೆ ಮತ್ತು ಆ ಅಂಜಲಿಗೆ ಮಾತ್ರ.

"ಹಾಗಾದ್ರೆ ಬಂಗುಡೆ ಹಾಕ್ಲಾ?" ಎಂದಳು, ಹಲ್ಲು ಕಚ್ಚಿಕೊಂಡು.

"ಬೇಡ. ಒಂದು ಅನ್ನ, ಟೊಮೆಟೊ ಸಾರು. ಉಪ್ಪಿನಕಾಯಿ ಉಂಟಾ?"

"ಉಂಟು."

"ಹಾಗಾದ್ರೆ ಅದೂ ಸ್ವಲ್ಪ."

ಅನುಷ್ಕಾ ಟ್ರೇ ಎತ್ತಿಕೊಂಡು ಒಳಗೆ ಹೋಗಿ ಅದನ್ನು ಕಲ್ಲಿನ ಮೇಲೆ ಧಡ್ ಎಂದು ಇಟ್ಟಳು. ಮೀನುಗಳೆಲ್ಲ ಒಮ್ಮೆ ಹಾರಿ ಬಿದ್ದವು.

"ಟೊಮೆಟೊ ಸಾರಾ?" ಗೆರ್ಟ್ರೂಡ್ ಬಾಯಿ ತಿರುಗಿಯೂ ನೋಡದೆ ಕೇಳಿದಳು.

"ಟೊಮೆಟೊ ಸಾರು! ಮೀನಿನ ಹೋಟೆಲಿಗೆ ಬಂದು, ನಾಲ್ಕು ಜಾತಿ ಮೀನಿನ ಜಾತಕ ಓದಿ, ಟೊಮೆಟೊ ಸಾರು! ನನಗೆ ಮಂಡೆಬಿಸಿ ಆಗ್ತದೆ ಬಾಯಿ. ಇವರಿಗೆ ಎಂತ ಮಾಡುವ ಹೇಳಿ?"

"ಅನ್ನ ಬಡಿಸು," ಎಂದಳು ಗೆರ್ಟ್ರೂಡ್ ಬಾಯಿ. ಅವಳು ಐವತ್ತೆಂಟರ ಹೆಂಗಸು, ಮೂವತ್ತು ವರ್ಷ ಇದೇ ಒಲೆಯ ಮುಂದೆ ನಿಂತವಳು. ಅವಳಿಗೆ ಮಂಡೆಬಿಸಿ ಆಗುವುದು ಗ್ಯಾಸ್ ಖಾಲಿಯಾದರೆ ಮಾತ್ರ.

ಈ ಜಾಗ ಮೊದಲು ಅನುಷ್ಕಾಳ ಅಪ್ಪ ಬೋಜ ನಡೆಸುತ್ತಿದ್ದ ಮೀನೂಟದ ಹೋಟೆಲ್. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಐದಾರು ವರ್ಷ ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಬೆವರು ಸುರಿಸಿ ಬಂದ ಮಗಳು ಗೋಡೆಗೆ ನೀಲಿ ಬಣ್ಣ ಬಳಿಸಿ, ಕರಿಹಲಗೆ ತೂಗುಹಾಕಿ, ಬೋರ್ಡಿನ ಮೇಲೆ ಬಿಸ್ಟ್ರೋ ಎಂದು ಬರೆಸಿದಳು. "ಬಿಸ್ಟ್ರೋ ಅಂದ್ರೆ ಎಂತ ಮಗಾ?" ಎಂದು ಬೋಜ ಕೇಳಿದ್ದ. "ಸಣ್ಣ ಹೋಟೆಲ್ ಅಪ್ಪ," ಎಂದಿದ್ದಳು. "ಸಣ್ಣ ಹೋಟೆಲೇ ಇತ್ತಲ್ಲ ಮಾರಾಯ್ತಿ, ಮತ್ತೆ ಪೇಂಟ್ ಎಂತಕ್ಕೆ?" ಎಂದು ಅವನು ಮನೆಗೆ ಹೋಗಿ ಟಿವಿಯ ಮುಂದೆ ಕೂತವನು ಈಗ ಊಟಕ್ಕೆ ಮಾತ್ರ ಬರುತ್ತಾನೆ.

ಹಿತೇಶ್ ಬಂದದ್ದು ಮೂರು ತಿಂಗಳ ಹಿಂದೆ. ಒಂದು ಶುಕ್ರವಾರ ಫ್ರೀಜರ್ ಕೆಟ್ಟು ನಿಂತಿತ್ತು. ಒಳಗೆ ಶನಿವಾರ, ಆದಿತ್ಯವಾರದ ಸಿಗಡಿ, ಮಾಂಜಿ ಎಲ್ಲವೂ ಇತ್ತು. ಫ್ರೀಜರಿನ ಬೆನ್ನಿಗೆ ಯಾರೋ ಅಂಟಿಸಿದ್ದ ಚೀಟಿಯ ನಂಬರಿಗೆ ಅವಳು ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಕೂಳೂರಿನಿಂದ ಸ್ಕೂಟರಿನಲ್ಲಿ ಒಬ್ಬ ಬಂದ. ಎತ್ತರದ ಆಳು, ಮೊಣಕೈಯವರೆಗೆ ಮಡಚಿದ ತೋಳು, ಮಾತು ಕಡಿಮೆ. ನೆಲದಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ರಿಪೇರಿ ಮಾಡಿದ. ಎದ್ದಾಗ ಕೂದಲ ತುಂಬ ಧೂಳು. ಅವಳು ಸಂತೋಷದಿಂದ, "ಊಟ ಮಾಡಿ ಹೋಗಿ, ಯಾವ ಮೀನು ಬೇಕು ಹೇಳಿ," ಎಂದಳು. ಅವನು ಒಂದು ಕ್ಷಣ ಅವಳನ್ನು ನೋಡಿದ. ಕಾವಲಿಯ ಕಡೆ ನೋಡಿದ. ಮತ್ತೆ ಅವಳನ್ನು ನೋಡಿ, "ಅನ್ನ, ಸಾರು ಸಾಕು," ಎಂದ.

ಅವತ್ತಿನಿಂದ ವಾರಕ್ಕೆ ಮೂರು ದಿನ, ಮಧ್ಯಾಹ್ನ ಎರಡೂವರೆಗೆ, ಗಲಾಟೆ ಇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಮೊದಮೊದಲು "ಫ್ರೀಜರ್ ನೋಡ್ಲಿಕ್ಕೆ" ಎನ್ನುತ್ತಿದ್ದ. ಮನೆ ಕಾಟಿಪಳ್ಳದಲ್ಲಿ, ಅಂಗಡಿ ಕೂಳೂರಿನಲ್ಲಿ. ಕೂಳೂರು ಸೇತುವೆಯ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು, ಇಡೀ ಪೇಟೆ ದಾಟಿ, ಟೊಮೆಟೊ ಸಾರಿಗಾಗಿ ಜೆಪ್ಪುವಿಗೆ ಬರುವ ಮನುಷ್ಯನನ್ನು ಏನೆಂದು ಕರೆಯಬೇಕು?

"ಈ ಫ್ರೀಜರಿಗೆ ಇರುವಷ್ಟು ಡಾಕ್ಟರು ನನ್ನ ಮೊಣಕಾಲಿಗೂ ಇಲ್ಲ," ಎಂದು ಗೆರ್ಟ್ರೂಡ್ ಬಾಯಿ ಹೇಳುತ್ತಿದ್ದಳು.

ಅವನು ಸಸ್ಯಾಹಾರಿಯೋ? ಕೇಳಿದಳು. "ಅಲ್ಲ," ಎಂದ. ಅಲರ್ಜಿಯೋ? "ಇಲ್ಲ." ಹಾಗಾದರೆ ತನ್ನ ಅಡುಗೆಯ ಮೇಲೆ ನಂಬಿಕೆ ಇಲ್ಲವೋ? ಅದಕ್ಕೆ ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತಿತ್ತು. ಆ ಗುಳಿಯನ್ನು ತಾನು ಗಮನಿಸಿದ್ದಕ್ಕೆ ಅನುಷ್ಕಾಳಿಗೆ ಇನ್ನೂ ಸಿಟ್ಟು ಬಂತು.

ಇದಕ್ಕಿಂತ ದೊಡ್ಡ ಸಿಟ್ಟು ಬಂದದ್ದು ಎರಡನೆಯ ತಿಂಗಳಲ್ಲಿ, ತನ್ನ ಮೇಲೆಯೇ. ಸ್ಟೇಟ್ ಬ್ಯಾಂಕ್ ಕಡೆ ಮಾರ್ಕೆಟಿಗೆ ಹೋದವಳು ಒಂದು ಹೊಸ ಕಾವಲಿ, ಒಂದು ಹೊಸ ಬಾಣಲೆ ತಂದಳು. ಅವುಗಳಲ್ಲಿ ಮೀನು ಕಾಯಿಸಬಾರದು ಎಂದು ಗೆರ್ಟ್ರೂಡ್ ಬಾಯಿಗೆ ತಾಕೀತು ಮಾಡಿದಳು. ಮರುದಿನ ಅನ್ನ ಸಾರಿನ ಜೊತೆ ಕಡಲೆ ಮತ್ತು ಮನೋಳಿ, ಅಂದರೆ ತೊಂಡೆಕಾಯಿ, ಹಾಕಿದ ಸುಕ್ಕ ಅವನ ಮೇಜಿಗೆ ಹೋಯಿತು.

"ಇದು ಬೋರ್ಡಲ್ಲಿ ಇಲ್ವಲ್ಲ," ಎಂದ ಹಿತೇಶ್.

"ಬೋರ್ಡಲ್ಲಿ ಟೊಮೆಟೊ ಸಾರೂ ಇಲ್ಲ."

"ನನಗೆ ಅಂತ ಮಾಡಿದ್ದಾ?"

"ನನಗೆ ಬೇರೆ ಕೆಲಸ ಇಲ್ವಾ? ಮಿಕ್ಕಿತ್ತು, ಹಾಕಿದೆ."

ಮೀನಿನ ಬಿಸ್ಟ್ರೋದಲ್ಲಿ ಮನೋಳಿ ಎಲ್ಲಿಂದ ಮಿಕ್ಕುತ್ತದೆ ಎಂದು ಅವನು ಕೇಳಲಿಲ್ಲ. ತಲೆ ಬಗ್ಗಿಸಿ ತಿಂದ. ತಿಂದು ಮುಗಿಸಿ ತಲೆ ಎತ್ತಿದವನು, ತನ್ನ ಬಲಗೆನ್ನೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದ. ಮಸಾಲೆ ಮೆತ್ತಿದೆ ಎಂದು ತಿಳಿದು ಅವಳು ಎಡಗೆನ್ನೆ ಒರೆಸಿಕೊಂಡಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಬಲಗೆನ್ನೆ ಒರೆಸಿಕೊಂಡಳು. ಕೈಯಲ್ಲೇ ಇದ್ದ ಮಸಾಲೆ ಅಲ್ಲಿಗೂ ಹತ್ತಿತು. ಅವನ ಕಣ್ಣುಗಳು ನಗುತ್ತಿದ್ದವು, ಬಾಯಿ ಮಾತ್ರ ಬಿಗಿಯಾಗಿತ್ತು. ಟಿಶ್ಯೂ ಒಂದನ್ನು ಮಡಚಿ ಮೇಜಿನ ಈಚೆ ತುದಿಗೆ ಸರಿಸಿದ. ತಾನೇ ಒರೆಸಲಿಲ್ಲ. ಒರೆಸಿದ್ದರೆ ಚೆನ್ನಾಗಿತ್ತು ಎಂದು ತನಗೆ ಅನ್ನಿಸಿದ್ದನ್ನು ಅವಳು ಸಂಜೆಯವರೆಗೂ ಕ್ಷಮಿಸಲಿಲ್ಲ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು," ಎಂದಳು ಗೆರ್ಟ್ರೂಡ್ ಬಾಯಿ. "ಯಾರಿಗೂ ಕಾಣುದಿಲ್ಲ ಅಂತ ಗ್ರಹಿಸಿದ್ದೀಯಾ?"

"ಎಂತ ಕಾಣ್ಲಿಕ್ಕುಂಟು? ಗಿರಾಕಿ ಅವರು."

"ಹೌದು. ದಿನಾ ಊಟಕ್ಕೆ ಬರುವ ನವಾಝ್ ಕೂಡ ಗಿರಾಕಿ. ಅವನಿಗೆ ಒಂದು ಕಾವಲಿ ತಂದು ಕೊಡು ನೋಡುವ."

ಅನುಷ್ಕಾ ಹೊಸ ಕಾವಲಿಯನ್ನು ತಿಕ್ಕಲು ಎತ್ತಿಕೊಂಡಳು. ಅವಳಿಗೆ ಇಪ್ಪತ್ತೊಂಬತ್ತು. ಹುಡುಗರ ವಿಷಯದಲ್ಲಿ ಒಂದು ಗಾಯ ಇತ್ತು, ಅದು ಹೇಳಿಕೊಂಡರೆ ನಗು ಬರುವಂಥದ್ದು. ಕಳೆದ ವರ್ಷ ಅವಳನ್ನು ನೋಡಲು ಮುಖೇಶ್ ಎಂಬವನ ಕಡೆಯವರು ಏಳು ಮಂದಿ ಬಂದಿದ್ದರು. ಅಪ್ಪ ಅವರನ್ನು ಮನೆಗೆ ಕರೆಯದೆ ಬಿಸ್ಟ್ರೋಗೇ ಕರೆದಿದ್ದ. ಅವರು ಉಂಡರು. ಕಾಣೆ ಹೊಗಳಿದರು, ಸಿಗಡಿ ಹೊಗಳಿದರು, ಗಸಿಯ ತೆಂಗಿನಕಾಯಿ ಹುರಿದ ಹದ ಹೊಗಳಿದರು. ಹುಡುಗ ಎರಡು ಗಂಟೆಯಲ್ಲಿ ಅವಳ ಹತ್ತಿರ ಆಡಿದ್ದು ಒಂದೇ ಮಾತು: "ಮನೆಯಲ್ಲೂ ಹೀಗೇ ಮಾಡ್ತೀರಾ?" ಹುಡುಗಿ ನೋಡಲು ಬಂದವರು ಮೀನು ನೋಡಿಕೊಂಡು ಹೋದರು. ಸಂಬಂಧವನ್ನು ಅವಳೇ ಬೇಡವೆಂದಳು. ಆ ಮೇಲೆ ಯಾರಾದರೂ ತನ್ನ ಕೈರುಚಿ ಹೊಗಳಿದರೆ ಅವಳಿಗೆ ಒಳಗೆ ಏನೋ ಕೊರೆಯುತ್ತಿತ್ತು. ಕೈಯ ಹಿಂದೆ ಒಬ್ಬಳು ಇದ್ದಾಳೆ ಎಂದು ಯಾರಿಗಾದರೂ ಒಂದು ದಿನ ಕಾಣಬೇಡವೇ?

ಹಿತೇಶನ ಟೊಮೆಟೊ ಸಾರು ಇಷ್ಟು ಸಿಟ್ಟು ಬರಿಸಿದರೂ, ಅದರಲ್ಲಿ ಒಂದು ಸಮಾಧಾನವೂ ಇತ್ತು. ಈ ಮನುಷ್ಯ ಮೀನಿಗಾಗಿ ಬರುತ್ತಿಲ್ಲ. ಮೀನಿಗಾಗಿ ಅಲ್ಲದಿದ್ದರೆ ಯಾತಕ್ಕಾಗಿ? ಅದಕ್ಕೆ ಒಂದೇ ಉತ್ತರ ಉಳಿಯುತ್ತಿತ್ತು. ಆ ಉತ್ತರವನ್ನು ಅವಳು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆದರೆ ಅವನು ಬಾಯಿ ಬಿಡಬೇಕಲ್ಲ! ಒಂದು ಸೋಮವಾರ, "ನಿಮ್ಮತ್ರ ಒಂದು ಮಾತು ಹೇಳ್ಬೇಕಿತ್ತು," ಎಂದು ಶುರು ಮಾಡಿದ. ಅಷ್ಟರಲ್ಲಿ ಬಂದರಿನಿಂದ ಮೀನು ತರುವ ಯಾಹ್ಯಾ ಬುಟ್ಟಿ ಹೊತ್ತುಕೊಂಡು ಇಬ್ಬರ ನಡುವೆ ಬಂದು ನಿಂತ. ಬುಧವಾರ ಮತ್ತೆ, "ಮೊನ್ನೆ ಹೇಳ್ಬೇಕು ಅಂತ ಇದ್ದೆ," ಎಂದ. ಎಂಟು ಜನ ಕಾಲೇಜು ಹುಡುಗಿಯರು ಒಳಗೆ ನುಗ್ಗಿ ಸಿಗಡಿ ಘೀ ರೋಸ್ಟ್ ಎಂದು ಕೂಗಿದರು. ಮುಂದಿನ ಸೋಮವಾರ ಯಾರೂ ಇರಲಿಲ್ಲ. ಗೆರ್ಟ್ರೂಡ್ ಬಾಯಿ ಬೇಕೆಂದೇ ಹಿತ್ತಿಲಿಗೆ ಹೋಗಿದ್ದಳು. ಅನುಷ್ಕಾ ಒರೆಸಿದ ಮೇಜನ್ನೇ ಮೂರು ಸಲ ಒರೆಸಿದಳು. ಅವನು ನೀರು ಕುಡಿದ. ಮತ್ತೆ ನೀರು ಕುಡಿದ.

"ಗುರುವಾರ ಹೇಳ್ತೇನೆ," ಎಂದ ಕೊನೆಗೆ.

"ಇವತ್ತು ಎಂತ ಆಗಿದೆ?"

"ಇವತ್ತು ಶರ್ಟ್ ಸರಿ ಇಲ್ಲ."

ಅವನು ಹೋದ ಮೇಲೆ ಅವಳು ಒರೆಸುವ ಬಟ್ಟೆಯನ್ನು ಗೋಡೆಗೆ ಎಸೆದಳು. ಎಸೆದು ಒಬ್ಬಳೇ ನಕ್ಕಳು.

ಬುಧವಾರ ಮಧ್ಯಾಹ್ನ ಸಣ್ಣ ಆಳಿನ ಹೆಂಗಸೊಬ್ಬಳು ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡು ಒಳಗೆ ಬಂದಳು. ಅರವತ್ತು ದಾಟಿದ ವಯಸ್ಸು, ತುರುಬಿನಲ್ಲಿ ಒಂದು ತುಂಡು ಮಲ್ಲಿಗೆ. ಕೂತಳು, ಗೋಡೆ ನೋಡಿದಳು, ಕರಿಹಲಗೆ ನೋಡಿದಳು, ಅನುಷ್ಕಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಅಂಜಲ್ ತವಾ. ದಪ್ಪ ತುಂಡು ಹಾಕು ಮಗಾ."

ಎರಡು ತುಂಡು ತಿಂದಳು, ಮುಳ್ಳನ್ನು ತೊಳೆದಿಟ್ಟ ಹಾಗೆ ಚೊಕ್ಕ ಮಾಡಿ ಪಕ್ಕಕ್ಕಿಟ್ಟಳು. ಕೈ ತೊಳೆದು ಬಂದು ಕೇಳಿದಳು.

"ಇಲ್ಲಿಗೆ ಹಿತೇಶ್ ಅಂತ ಒಬ್ಬ ಬರ್ತಾನಲ್ಲ? ಫ್ರೀಜರ್ ರಿಪೇರಿಯವ. ಅವನಿಗೆ ಎಂತ ಕೊಡ್ತೀರಿ?"

"ಅನ್ನ, ಸಾರು. ಯಾಕೆ?"

"ಮೀನು?"

"ಮುಟ್ಟುದೇ ಇಲ್ಲ ಅವರು."

"ಸತ್ಯ ಹೇಳು."

"ಸತ್ಯ ಅಮ್ಮ. ನೀವು ಯಾರು?"

"ಅವನ ತಾಯಿ. ಅಕ್ಕು ಅಂತ." ಅವಳು ನಿಟ್ಟುಸಿರು ಬಿಟ್ಟು ಕೂತಳು. "ವಾರಕ್ಕೆ ಮೂರು ದಿನ ಶರ್ಟಲ್ಲಿ ಮೀನು ಕಾಯಿಸಿದ ವಾಸನೆ. ಕದ್ದು ತಿಂತಾನೆ ಅಂತ ಗ್ರಹಿಸಿದೆ. ಅವನ ಹೆಸರಲ್ಲಿ ಹರಕೆ ಉಂಟು."

ಹರಕೆಯ ಕಥೆ ಹೀಗಿತ್ತು. ಹಿತೇಶ್ ಹನ್ನೊಂದು ಹುಡುಗಿಯರನ್ನು ಬೇಡವೆಂದಿದ್ದ. ಎರಡು ವರ್ಷದ ಹಿಂದೆ ಕುಟುಂಬದವರೆಲ್ಲ ದೈವದ ತಂಬಿಲ ಸೇವೆಗೆ ಸೇರಿದ್ದಾಗ ಅಕ್ಕುವಿಗೆ ತಾಳ್ಮೆ ತಪ್ಪಿತು. ನೂರು ಜನರ ಎದುರು ಕೈ ಮುಗಿದು, ಮಗನಿಗೆ ಮದುವೆ ಆಗುವವರೆಗೆ ಅವನು ಮೀನು ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಳು. ಮಗನನ್ನು ಕೇಳಲಿಲ್ಲ. ಬಂಗುಡೆ ಇಲ್ಲದೆ ಮೂರು ದಿನ ಇರಲಾರದವನು, ಮೂರು ತಿಂಗಳಲ್ಲಿ ಹುಡುಗಿಯನ್ನು ಒಪ್ಪುತ್ತಾನೆ ಎಂಬುದು ಅವಳ ಲೆಕ್ಕಾಚಾರ.

"ಅವರು ಸುಮ್ಮನಿದ್ರಾ?"

"ಎಂತ ಮಾಡ್ತಾನೆ? ನನ್ನ ಮಾತಾದ್ರೆ ತಪ್ಪಿಸ್ತಿದ್ದ. ದೈವದ ಎದುರು ಹೇಳಿ ಆಯ್ತಲ್ಲ. ಎರಡು ವರ್ಷ ಮೀನಿನ ಸಾರಿನ ಹನಿ ಕೂಡ ಮುಟ್ಟಲಿಲ್ಲ, ಪಾಪ."

"ಆದ್ರೆ ನೀವು ಈಗ ಅಂಜಲ್..."

"ಮದುವೆ ಆಗ್ಬೇಕಾದ್ದು ಅವನಿಗಾ, ನನಗಾ?" ಅಕ್ಕು ಹಲ್ಲುಕಡ್ಡಿ ತೆಗೆದುಕೊಂಡಳು. "ಈಗ ದೈವ ಕಣ್ಣು ಬಿಟ್ಟಿದೆ. ಒಬ್ಬಳು ಇದ್ದಾಳೆ ಅಮ್ಮ, ಗುರುವಾರ ಕೇಳ್ತೇನೆ ಅಂತ ಹೇಳಿದ. ಯಾರು ಅಂದ್ರೆ ಹೇಳುದಿಲ್ಲ. ಯಾರಾದ್ರೂ ಆಗ್ಲಿ ಮಾರಾಯ್ತಿ, ಮೀನು ಕಾಯಿಸ್ಲಿಕ್ಕೆ ಗೊತ್ತಿದ್ರೆ ಸಾಕು. ಎರಡು ವರ್ಷದ ಬರಗಾಲ! ಅವನಿಗೆ ಈಗ ಯಾವ ಹುಡುಗಿಯನ್ನು ನೋಡಿದ್ರೂ ಬಂಗುಡೆಯ ಹಾಗೇ ಕಾಣ್ಬೇಕು."

ಅಕ್ಕು ತನ್ನ ಮಾತಿಗೆ ತಾನೇ ನಕ್ಕಳು. ಹೋಗುವಾಗ ಅನುಷ್ಕಾಳ ಕೈ ಹಿಡಿದು, "ಒಳ್ಳೆಯ ಕೈ," ಎಂದಳು.

ಮತ್ತೆ ಕೈ.

ಅನುಷ್ಕಾ ಅಡುಗೆಮನೆಯೊಳಗೆ ಹೋಗಿ ಹಸಿ ಮೀನಿನ ಟ್ರೇಯ ಮುಂದೆ ನಿಂತಳು. ಅವನು ಬಗ್ಗಿ ಬಗ್ಗಿ ಏನನ್ನು ನೋಡುತ್ತಿದ್ದ ಎಂಬುದು ಈಗ ಗೊತ್ತಾಯಿತು. ಮೂರು ತಿಂಗಳು ತಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಉತ್ತರ ತಪ್ಪು. ಮುಖೇಶನ ಕಡೆಯವರು ಎರಡು ಗಂಟೆಯಲ್ಲಿ ಮಾಡಿದ್ದನ್ನೇ ಇವನು ಮೂರು ತಿಂಗಳು ನಿಧಾನವಾಗಿ ಮಾಡಿದ್ದಾನೆ. ಅವಳಿಗೆ ದುಃಖವೇ ಆಯಿತು. ಆದರೆ ಅವಳ ದುಃಖ ಯಾವಾಗಲೂ ಸಿಟ್ಟಿನ ಬಟ್ಟೆ ಹಾಕಿಕೊಂಡೇ ಹೊರಗೆ ಬರುತ್ತಿತ್ತು. ಆ ದಿನ ಎರಡು ತಟ್ಟೆ ಒಡೆದವು.

ಗುರುವಾರ ಎರಡೂವರೆಗೆ ಹಿತೇಶ್ ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು ಹಾಕಿಕೊಂಡು ಬಂದ. ಕೂದಲು ಒದ್ದೆ ಮಾಡಿ ಬಾಚಿದ್ದ. ಅನುಷ್ಕಾ ಅವನ ಮೇಜಿನ ಮುಂದೆ ಕೈ ಕಟ್ಟಿ ನಿಂತಳು.

"ಒಂದು ಮಾತು ಹೇಳ್ಬೇಕಿತ್ತಲ್ಲ," ಎಂದ ಅವನು.

"ಬೇಡ. ನಿನ್ನೆ ನಿಮ್ಮ ಅಮ್ಮ ಬಂದಿದ್ರು. ಎಲ್ಲ ಹೇಳಿ ಆಯ್ತು."

ಅವನ ಮುಖದ ಬಣ್ಣವೇ ಇಳಿಯಿತು. "ಹರಕೆಯ ವಿಷಯ?"

"ಹರಕೆ, ಬರಗಾಲ, ಬಂಗುಡೆ, ಎಲ್ಲ. ಪರವಾಗಿಲ್ಲ ಹಿತೇಶ್. ಮೀನು ತಿನ್ನಲಿಕ್ಕೆ ಮದುವೆ ಆಗ್ಬೇಕು, ಮದುವೆ ಆಗ್ಲಿಕ್ಕೆ ಮೀನು ಕಾಯಿಸುವವಳೇ ಸಿಕ್ಕಿದ್ರೆ ಒಂದೇ ಕಲ್ಲಿಗೆ ಎರಡು ಹಕ್ಕಿ. ನೀವು ಟ್ರೇ ತರಿಸಿ ನೋಡ್ತಿದ್ದದ್ದು ಮೀನನ್ನಾ, ನನ್ನನ್ನಾ ಅಂತ ನನಗೆ ಮೂರು ತಿಂಗಳಿಂದ ಡೌಟ್ ಇತ್ತು. ಈಗ ಕ್ಲಿಯರ್ ಆಯ್ತು."

"ಟ್ರೇ ತರಿಸಿದ್ರೆ ನೀವು ಐದು ನಿಮಿಷ ಮೇಜಿನ ಹತ್ತಿರ ನಿಲ್ತೀರಿ. ಸಾರು ತಂದ್ರೆ ಇಟ್ಟು ಹೋಗ್ತೀರಿ," ಎಂದ ಹಿತೇಶ್. "ಅದಕ್ಕೆ ತರಿಸ್ತಿದ್ದದ್ದು."

ಅವಳ ಕಟ್ಟಿದ ಕೈ ತಾನಾಗಿ ಸಡಿಲಿತು. ಆದರೆ ಸಿಟ್ಟು ಅಷ್ಟು ಬೇಗ ದಾರಿ ಬಿಡುವಂಥದ್ದಲ್ಲ.

"ಹಾಗಾದ್ರೆ ಹರಕೆ ಉಂಟು ಅಂತ ಒಂದು ದಿನ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುದು? ಕಾಟಿಪಳ್ಳದ ಯಾವುದೋ ಟೀಚರನ್ನು ಇಷ್ಟಪಟ್ಟಿದ್ರೆ ಮೊದಲ ದಿನವೇ ಹೇಳ್ತಿದ್ದೆ. ನೀವು ನೋಡಿದ್ರೆ ಇಡೀ ಜೆಪ್ಪುವಿನಲ್ಲಿ ಬಂಗುಡೆಗೆ ಹೆಸರು ಮಾಡಿದವರು. ನಿಮಗೆ ಹೀಗೇ ಅನ್ನಿಸ್ತದೆ ಅಂತ ಗೊತ್ತಿತ್ತು. ಈಗ ಅನ್ನಿಸಿತು."

"ಅನ್ನಿಸದೆ ಮತ್ತೆ? ಮೀನಿಗೆ ಅಲ್ಲ ಅಂತ ನಾನು ನಂಬುದು ಹೇಗೆ?"

"ಗೊತ್ತಿಲ್ಲ," ಎಂದ.

ಗೊತ್ತಿಲ್ಲ! ಒಂದು ಸುಳ್ಳಾದರೂ ಹೇಳಬಾರದೇ? ಅನುಷ್ಕಾ ಗಿರ್ರನೆ ತಿರುಗಿ ಅಡುಗೆಮನೆಗೆ ನುಗ್ಗಿದಳು. ಟ್ರೇಯಿಂದ ಎರಡು ಬಂಗುಡೆ ಎತ್ತಿ, ಸರಸರನೆ ಗೀರಿ, ಕೆಂಪು ಮಸಾಲೆ ಬಳಿದು ಕಾವಲಿಗೆ ಹಾಕಿದಳು. ಎಣ್ಣೆ ಚಿಮ್ಮಿತು. ಮೆಣಸಿನ ಘಾಟು ಇಡೀ ಕೋಣೆ ತುಂಬಿತು.

"ಅನು, ಎಂತ ಮಾಡ್ತಿದ್ದಿ?" ಗೆರ್ಟ್ರೂಡ್ ಬಾಯಿಯ ದನಿ ಬದಲಾಗಿತ್ತು. "ದೈವದ ವಿಷಯ. ಆಟ ಅಲ್ಲ."

"ಅವರು ತಿನ್ನುದಿಲ್ಲ ಬಾಯಿ. ನೋಡಿ ಬೇಕಾದ್ರೆ."

ತಟ್ಟೆ ತಂದು ಅವನ ಮುಂದೆ ಕುಕ್ಕಿದಳು. "ತಿನ್ನಿ. ಈಗಲೇ ತಿನ್ನಿ. ಮೀನಿನ ಆಸೆ ತೀರಿದ ಮೇಲೂ ನಾನು ಬೇಕು ಅಂತ ಅನ್ನಿಸಿದ್ರೆ ಆಗ ಹೇಳಿ."

ಅವನು ತಿನ್ನುವುದಿಲ್ಲ ಎಂಬ ಧೈರ್ಯದಲ್ಲಿಯೇ ಅವಳು ಹೇಳಿದ್ದಳು. ಎದ್ದು ಹೋಗುತ್ತಾನೆ. ಹೋಗಲಿ. ಇವತ್ತೇ ಮುಗಿದುಹೋಗಲಿ.

ಹಿತೇಶ್ ಎದ್ದ. ಬಾಗಿಲಿಗೆ ಹೋಗಲಿಲ್ಲ, ನಲ್ಲಿಗೆ ಹೋದ. ಕೈ ತೊಳೆದು ಬಂದು ಕೂತು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ಒಂದು ಗಳಿಗೆ ಇದ್ದ. ಆಮೇಲೆ ಬಂಗುಡೆಯ ಬೆನ್ನು ಮುರಿದು ಬಾಯಿಗಿಟ್ಟ.

ತಟ್ಟೆ ಎಳೆದುಕೊಳ್ಳಲು ಅನುಷ್ಕಾ ಕೈ ಚಾಚಿದಳು, ಅಷ್ಟರಲ್ಲಿ ಅವನು ಇನ್ನೊಂದು ತುತ್ತು ಮುರಿದಿದ್ದ. ಅವನು ಆತುರವಿಲ್ಲದೆ ತಿಂದ. ಒಂದು ಮುಗಿಸಿದ. ಎರಡನೆಯದನ್ನು ಎತ್ತಿಕೊಂಡ. ಅವನ ಕಣ್ಣು ತಟ್ಟೆಯ ಮೇಲಿರಲಿಲ್ಲ, ಅವಳ ಮೇಲಿತ್ತು. ಅವಳ ಕಣ್ಣಲ್ಲಿ ನೀರು ತುಂಬಿ ಅವನು ಮಸುಕಾದ. ಮೆಣಸಿನ ಘಾಟಿಗೆ ಎಂದು ಅವಳು ಸೆರಗಿಲ್ಲದ ಭುಜಕ್ಕೆ ಮುಖ ಒರೆಸಿಕೊಂಡಳು.

ಎರಡನೆಯ ಬಂಗುಡೆಯಲ್ಲಿ ಬಾಲದ ಕಡೆಯ ತುಂಡು ಉಳಿದಿರುವಾಗ ಅವನು ನಿಲ್ಲಿಸಿದ.

"ಆಯ್ತು. ಹರಕೆ ಮುರಿಯಿತು. ಇನ್ನು ಮೀನಿಗೆ ನನಗೆ ಯಾರ ಅಗತ್ಯವೂ ಇಲ್ಲ. ಕೂಳೂರಿನಲ್ಲಿ ನನ್ನ ಅಂಗಡಿಯ ಎದುರೇ ಮೀನೂಟ ಸಿಗ್ತದೆ, ಬೇಕಾದ್ರೆ ಅಲ್ಲಿ ತಿಂತೇನೆ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಈಗ ಕೇಳ್ತೇನೆ ಅನುಷ್ಕಾ. ನೀವು ನನ್ನನ್ನು ಮದುವೆ ಆಗ್ತೀರಾ?"

"ಎಂತ ಮಾಡಿದ್ರಿ ಮಾರಾಯ್ರೇ ನೀವು!" ಅವಳು ಕೂಗಿಯೇಬಿಟ್ಟಳು. "ನಾನು ಸಿಟ್ಟಲ್ಲಿ ಹೇಳಿದ್ದು! ಸಿಟ್ಟಲ್ಲಿ ಹೇಳಿದ್ದನ್ನು ಯಾರಾದ್ರೂ ತಿಂತಾರಾ? ಎರಡು ವರ್ಷ ಇದ್ದವರಿಗೆ ಇನ್ನೊಂದು ಐದು ನಿಮಿಷ ಇರ್ಲಿಕ್ಕೆ ಆಗ್ಲಿಲ್ವಾ? ನಿಮ್ಮ ಅಮ್ಮನಿಗೆ ಎಂತ ಹೇಳ್ತೀರಿ ಈಗ?"

"ತಿಂದೆ ಅಂತ ಹೇಳ್ತೇನೆ."

ಹೇಳಿಯೂ ಬಿಟ್ಟ. ಎಡಗೈಯಲ್ಲಿ ಫೋನ್ ತೆಗೆದು, ಸ್ಪೀಕರ್ ಹಾಕಿ, ಮೇಜಿನ ಮೇಲಿಟ್ಟ.

"ಅಮ್ಮ, ನಾನು ಮೀನು ತಿಂದೆ."

ಗೆರ್ಟ್ರೂಡ್ ಬಾಯಿ ಅಡುಗೆಮನೆಯ ಬಾಗಿಲಲ್ಲಿ ಶಿಲುಬೆಯ ಗುರುತು ಹಾಕಿಕೊಂಡಳು.

"ಯಾವ ಮೀನು?" ಎಂದಿತು ಅಕ್ಕುವಿನ ದನಿ.

"ಬಂಗುಡೆ. ಎರಡು."

"ಬಡಿಸಿದ್ದು ಯಾರು?"

ಹಿತೇಶ್ ಬಾಯಿ ತೆರೆಯುವ ಮೊದಲೇ ಅನುಷ್ಕಾ ಫೋನಿನ ಕಡೆ ಬಗ್ಗಿದಳು. "ನಾನು ಅಮ್ಮ. ತಪ್ಪು ನನ್ನದು. ಗೊತ್ತಿದ್ದೂ ಬಡಿಸಿದೆ, ಸಿಟ್ಟಲ್ಲಿ."

"ಸಿಟ್ಟು ಯಾಕೆ ಬಂತು?"

"ಅವರು ಮೀನಿಗೋಸ್ಕರ ಮದುವೆ ಆಗ್ತಾರೆ ಅಂತ..."

"ಅಯ್ಯೋ ದೇವರೇ, ನಾನು ಬಾಯಿಗೆ ಬಂದದ್ದು ಹೇಳಿದ್ದು." ಅಕ್ಕುವಿನ ದನಿ ಗದರಿಕೆಗೆ ತಿರುಗಿತು. "ನೋಡು ಮಗಾ. ಹೇಳಿದ್ದು ನಾನು, ತಿಂದದ್ದು ಅವನು, ಬಡಿಸಿದ್ದು ನೀನು. ದೈವಕ್ಕೆ ತಪ್ಪುಕಾಣಿಕೆ ಇಡ್ಬೇಕು. ಒಬ್ಬೊಬ್ಬರೇ ಹೋಗಿ ಇಡ್ಲಿಕ್ಕೆ ಆಗುದಿಲ್ಲ, ಮೂರು ಜನವೂ ಒಟ್ಟಿಗೆ ನಿಂತು ತಪ್ಪಾಯ್ತು ಅನ್ಬೇಕು. ಆದಿತ್ಯವಾರ ಬೆಳಿಗ್ಗೆ ಬಾ. ಕುಟುಂಬದವರೆಲ್ಲ ಇರ್ತಾರೆ, ಸೀರೆ ಉಟ್ಟುಕೊಂಡು ಬಾ."

"ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

"ಉಂಟು. ಬಂದ ಮೇಲೆ ಬೈತೇನೆ." ಅಕ್ಕು ಮೂಗು ಎಳೆದುಕೊಂಡಳು. "ನಿನ್ನೆ ನಾನು ಎರಡು ಬಸ್ಸು ಬದಲಿಸಿ ಬಂದದ್ದು ಶರ್ಟಿನ ವಾಸನೆಗೆ ಅಂತ ಗ್ರಹಿಸಿದ್ಯಾ? ಹುಡುಗಿಯನ್ನು ನೋಡ್ಲಿಕ್ಕೆ ಬಂದದ್ದು. ನನಗೆ ಒಪ್ಪಿಗೆ ಆಗಿದೆ. ಇನ್ನು ನೀನುಂಟು, ಅವನುಂಟು."

ಫೋನ್ ಕಟ್ಟಾಯಿತು.

ಅನುಷ್ಕಾ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ಮೂರು ತಿಂಗಳಲ್ಲಿ ಅವನ ಎದುರು ಅವಳು ಕೂತದ್ದು ಇದೇ ಮೊದಲು.

"ಮಾಡಿದ್ದುಣ್ಣೋ ಮಹಾರಾಯ," ಎಂದು ಗೊಣಗಿ ಗೆರ್ಟ್ರೂಡ್ ಬಾಯಿ ಒಳಗೆ ಹೋದಳು. ಬಾಗಿಲಿನ ಪರದೆಯನ್ನು ಎಳೆದುಕೊಂಡೇ ಹೋದಳು.

"ತಪ್ಪುಕಾಣಿಕೆಗೆ ಬರ್ತೇನೆ," ಎಂದಳು ಅನುಷ್ಕಾ. "ಬಂದೆ ಅಂದ ಕೂಡ್ಲೇ ಮದುವೆಗೆ ಒಪ್ಪಿದೆ ಅಂತ ಅಲ್ಲ. ತಪ್ಪು ಮಾಡಿದ್ದಕ್ಕೆ ಬರುದು. ಅಷ್ಟೇ."

"ಆಯ್ತು."

"ಎಲ್ಲದಕ್ಕೂ ಆಯ್ತು ಅನ್ಬೇಡಿ, ಮಂಡೆಬಿಸಿ ಆಗ್ತದೆ."

ಏನು ಮಾಡಬೇಕೆಂದು ತೋಚದೆ, ತಟ್ಟೆಯಲ್ಲಿ ಉಳಿದಿದ್ದ ಬಾಲದ ತುಂಡನ್ನು ಮುರಿದು ಅವಳು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಲ್ಲಿಸಿದಳು.

ಉಪ್ಪೇ ಇರಲಿಲ್ಲ. ಗೀರಿದ ಮೀನಿಗೆ ಮೊದಲು ಉಪ್ಪು ಸವರಿ, ಆಮೇಲೆ ಮಸಾಲೆ ಹಚ್ಚುವುದು ಇಲ್ಲಿನ ಕ್ರಮ. ಸಿಟ್ಟಿನಲ್ಲಿ ಆ ಮೊದಲ ಕೆಲಸವನ್ನೇ ಬಿಟ್ಟಿದ್ದಳು. ಮಸಾಲೆ ಒಂದು ಕಡೆ ಕರಟಿತ್ತು, ಮುಳ್ಳಿನ ಹತ್ತಿರ ಮೀನು ಇನ್ನೂ ಹಸಿಯಾಗಿತ್ತು. ಅವಳ ಇಡೀ ಜೀವನದಲ್ಲಿ ಇಷ್ಟು ಕೆಟ್ಟ ಬಂಗುಡೆ ಅವಳ ಕೈಯಿಂದ ಹೊರಗೆ ಹೋಗಿರಲಿಲ್ಲ.

"ಹಿತೇಶ್, ಇದನ್ನು ತಿಂದದ್ದಾ ನೀವು? ಎರಡು ವರ್ಷ ಕಾದು?"

"ಯಾಕೆ?"

"ಉಪ್ಪು ಹಾಕಿಲ್ಲ. ಬೆಂದೂ ಇಲ್ಲ. ಬಾಯಿಗಿಡ್ಲಿಕ್ಕೆ ಆಗುದಿಲ್ಲ ಇದು! ಹೇಳ್ಬೇಕಲ್ವಾ?"

ಅವನು ತಟ್ಟೆ ನೋಡಿದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಹೌದಾ? ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ?"

"ನೀವು ಅಲ್ಲಿ ನಿಂತು ಅಳ್ಲಿಕ್ಕೆ ಶುರು ಮಾಡಿದ್ರಿ," ಎಂದ ಹಿತೇಶ್. "ನನಗೆ ಹೆದರಿಕೆ ಆಯ್ತು. ಬಾಯಲ್ಲಿ ಎಂತ ಉಂಟು ಅಂತ ನೋಡ್ಲೇ ಇಲ್ಲ."

ಅನುಷ್ಕಾ ಅವನನ್ನೇ ನೋಡಿದಳು. ಹೊಗಳಿಕೆಯ ಮಾತು ಅವಳು ಬಹಳ ಕೇಳಿದ್ದಳು. ತನ್ನ ಮೀನಿಗೆ ರುಚಿಯಿತ್ತೋ ಇಲ್ಲವೋ ಗೊತ್ತೇ ಆಗಲಿಲ್ಲ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಎದೆಯೊಳಗೆ ಒಂದು ವರ್ಷದಿಂದ ಕೊರೆಯುತ್ತಿದ್ದದ್ದು ಸದ್ದಿಲ್ಲದೆ ನಿಂತುಹೋಯಿತು. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಅದರ ಜೊತೆಗೆ ಎರಡು ಪೆಟ್ಟು ಹಾಕಬೇಕು ಎಂದೂ ಅನ್ನಿಸಿತು. ಪೆಟ್ಟು ಹಾಕಲಿಲ್ಲ. ಮೇಜಿನ ಮೇಲಿದ್ದ ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಮಸಾಲೆ ಮೆತ್ತಿದ ಕೈಯಲ್ಲೇ.

"ಶರ್ಟ್‌ಗೆ ಹತ್ತಿತು," ಎಂದ ಅವನು ಮೆಲ್ಲಗೆ.

"ಹತ್ಲಿ. ನಿಮ್ಮ ಹತ್ತಿರ ನನಗೆ ಸಾಕಾಗಿ ಹೋಗಿದೆ." ಅವಳು ಕೈ ಬಿಡಲಿಲ್ಲ. "ಆದಿತ್ಯವಾರ ಏಳು ಗಂಟೆಗೇ ಕರ್ಕೊಂಡು ಹೋಗ್ಲಿಕ್ಕೆ ಬನ್ನಿ. ಮದುವೆಗೆ ಒಪ್ಪಿದವಳು ಮೊದಲ ದಿನವೇ ಲೇಟಾಗಿ ಬಂದ್ಲು ಅಂತ ನಿಮ್ಮ ಅಮ್ಮನ ಕೈಯಲ್ಲಿ ಹೇಳಿಸಿಕೊಳ್ಲಿಕ್ಕೆ ನನಗೆ ಆಗುದಿಲ್ಲ."